ಗ್ಲೋವ್ ಬಾಕ್ಸಿನ ಹಿಂದಿನ ಪೆಟ್ಟಿಗೆ: ಮಳೆಗೆ ನಿಂತುಹೋದ ಹಳೆಯ ಕಾರಿನ ಒಂದು ಪ್ರಕರಣ

ಮಾಸ್ತರರ ಕಾರು ನನ್ನ ಗ್ಯಾರೇಜಿಗೆ ಬಂದದ್ದು ಹಗ್ಗ ಕಟ್ಟಿಸಿಕೊಂಡು. ಗೋವಾದ ವಾಸ್ಕೋದಲ್ಲಿ ಆಷಾಢದ ಮಳೆ ಬಿಡದೆ ಹಿಡಿದಿದ್ದ ದಿನಗಳು. ಮುಂದೆ ಅವರ ಹಳೆಯ ವಿದ್ಯಾರ್ಥಿಯೊಬ್ಬನ ಪಿಕಪ್, ಹಿಂದೆ ಕಾರು. ಸ್ಟಿಯರಿಂಗ್ ಹಿಡಿದು ಮಾಸ್ತರರು ಕುಳಿತಿದ್ದರೆ, ಎಡಗಡೆ ಸೀಟಿನಲ್ಲಿ ಅವರ ಮನೆಯವರು ಪಾದಗಳನ್ನು ಮೇಲೆತ್ತಿಕೊಂಡು ಕುಳಿತಿದ್ದರು. ಆ ಎತ್ತಿಕೊಂಡ ಪಾದಗಳಲ್ಲೇ ರೋಗದ ಮೂಲವಿತ್ತು. ನಾನು ಅದನ್ನು ಕಂಡೆ, ಆದರೆ ಅದಕ್ಕೆ ಬೆಲೆ ಕೊಡಲು ನನಗೆ ಎರಡು ದಿನ ಬೇಕಾಯಿತು.

ಕಾರು 2004ರ ಮಾದರಿಯದು, ಐದು ಬಾಗಿಲಿನ ಪೆಟ್ರೋಲ್ ಗಾಡಿ, ನಾಲ್ಕು ಇಂಜೆಕ್ಟರುಗಳ ಎಂಪಿಎಫ್ಐ ಎಂಜಿನ್, ಎಂದರೆ ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಬಗೆಯದು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಬೇಡ, ಏಕೆಂದರೆ ತಪ್ಪು ಕಂಪನಿಯದಲ್ಲ. ಮಾಸ್ತರರು ಇಲ್ಲಿನ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ವರ್ಷದಲ್ಲಿ ನಾಲ್ಕೈದು ಸಲ ಫೋಂಡಾ, ಮೊಲ್ಲೆಂ ದಾಟಿ, ಅನಮೋಡ್ ಘಾಟ್ ಹತ್ತಿ, ರಾಮನಗರ, ಅಳ್ನಾವರದ ಮೇಲೆ ಧಾರವಾಡಕ್ಕೆ ಇದೇ ಕಾರಿನಲ್ಲಿ ಹೋಗಿಬರುತ್ತಾರೆ. ಹದಿನೈದು ವರ್ಷ ಮುಗಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲ, ಮತ್ತೊಮ್ಮೆ ಆ ಗಡುವು ಹತ್ತಿರ ಬಂದಿತ್ತು. ಚಾಲೂ ಆಗದ ಗಾಡಿಯನ್ನು ತಪಾಸಣೆಗೆ ಒಯ್ಯುವುದು ಹೇಗೆ? ಗುಜರಿಯವನೊಬ್ಬ ಆಗಲೇ ಮನೆಗೆ ಬಂದು ಬೆಲೆ ಹೇಳಿ ಹೋಗಿದ್ದನಂತೆ.

ತೊಂದರೆಯ ಇತಿಹಾಸವನ್ನು ಮಾಸ್ತರರು ಹಾಜರಿ ಪುಸ್ತಕದಂತೆ ಒಪ್ಪವಾಗಿ ಹೇಳಿದರು. ಮೊದಲ ವರ್ಷ ಜೋರು ಮಳೆಯಾದ ಮರುದಿನ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ, ಬಿಸಿಲು ಬಿದ್ದರೆ ತಾನಾಗಿಯೇ ಆಗುತ್ತಿತ್ತು. ಮರುವರ್ಷ ಘಾಟಿನಲ್ಲಿ ಎರಡು ಸಲ ನಿಂತಿತು. ಈ ವರ್ಷ ಒಂಬತ್ತು ದಿನದಿಂದ ಪೂರ್ತಿ ಸ್ತಬ್ಧ. ಈ ನಡುವೆ ಬೇರೆ ಬೇರೆ ಕೈಗಳಲ್ಲಿ ಫ್ಯುಯೆಲ್ ಪಂಪ್, ಪ್ಲಗ್, ಕಾಯಿಲ್, ಕ್ರ್ಯಾಂಕ್ ಸೆನ್ಸರ್, ಬ್ಯಾಟರಿ ಎಲ್ಲವೂ ಹೊಸದಾಗಿದ್ದವು. ಕೊನೆಗೆ ಒಂದು ಗ್ಯಾರೇಜಿನವರು "ಇಸಿಎಂ ಹೋಗಿದೆ", ಎಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಕೆಟ್ಟಿದೆ, ಎಂದು ಒಂದು ಪೆಟ್ಟಿಗೆಯನ್ನು ಬಿಚ್ಚಿ, ರಿಪೇರಿಗೆ ಕಳಿಸಿ, ತಂದು ಮತ್ತೆ ಹಾಕಿದ್ದರು. ಏನೂ ಬದಲಾಗಲಿಲ್ಲ.

"ತಮ್ಮಾ, ಇನ್ನು ಬದಲಿಸಲು ಈ ಗಾಡಿಯಲ್ಲಿ ನಾನೊಬ್ಬನೇ ಉಳಿದಿದ್ದೇನೆ" ಎಂದರು ಮಾಸ್ತರರು.

ಮೊದಲ ದಿನ ನಾನು ಮಾಡಿದ್ದು ಎಲ್ಲ ಎಲೆಕ್ಟ್ರಿಷಿಯನ್‌ಗಳೂ ಮಾಡುವ ಕೆಲಸ. ಕೀಲಿ ತಿರುಗಿಸಿದೆ. ಸೆಲ್ಫ್ ಗಟ್ಟಿಯಾಗಿ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಆದರೆ ಅದಕ್ಕಿಂತ ಮುಖ್ಯವಾದದ್ದು ಸೆಲ್ಫ್ ಹೊಡೆಯುವ ಮೊದಲೇ ಕಾಣುತ್ತದೆ. ಕೀಲಿಯನ್ನು ಆನ್ ಸ್ಥಾನಕ್ಕೆ ತಂದಾಗ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಬೇಕು, ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪ್ ಎರಡು ಮೂರು ಸೆಕೆಂಡು ಗುಂಯ್ ಎನ್ನಬೇಕು. ಇಲ್ಲಿ ದೀಪವೂ ಇಲ್ಲ, ಪಂಪಿನ ಸದ್ದೂ ಇಲ್ಲ. ದೀಪದ ಬಲ್ಬ್ ಸರಿಯಿತ್ತು, ಫ್ಯೂಸುಗಳೂ ಸರಿಯಿದ್ದವು. ಗಾಡಿಯ ದೋಷ ಓದುವ ಸ್ಕ್ಯಾನರ್ ಹಾಕಿದರೆ ಹದಿನಾರು ಪಿನ್ನಿನ ಪೋರ್ಟಿನಿಂದ ಅದಕ್ಕೆ ಕರೆಂಟ್ ಸಿಕ್ಕಿತು, ಆದರೆ ಎಂಜಿನ್ ಕಡೆಯಿಂದ ಉತ್ತರ ಬರಲಿಲ್ಲ. ಎಂದರೆ ಇಸಿಎಂ ಎಚ್ಚರವಾಗುತ್ತಿಲ್ಲ. ಸತ್ತಿದೆ ಎಂದಲ್ಲ, ಎಚ್ಚರವಾಗುತ್ತಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಎಷ್ಟೋ ಒಳ್ಳೆಯ ಪೆಟ್ಟಿಗೆಗಳು ಗುಜರಿಗೆ ಹೋಗಿವೆ.

ಈ ಬಗೆಯ ಗಾಡಿಗಳಲ್ಲಿ ಮೈನ್ ರಿಲೇ ಎಂಬುದೊಂದು ಇರುತ್ತದೆ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಕೀಲಿ ತಿರುಗಿಸಿದಾಗ ಒಂದು ಸಣ್ಣ ವೈರ್ ಇಸಿಎಂಗೆ ಸುದ್ದಿ ಮುಟ್ಟಿಸುತ್ತದೆ. ಇಸಿಎಂ ಆಗ ರಿಲೇಯ ಕಾಯಿಲನ್ನು ಅರ್ತ್ ಮಾಡುತ್ತದೆ, ಎಂದರೆ ಬ್ಯಾಟರಿಯ ಮೈನಸ್ಸಿಗೆ ಸೇರಿಸುತ್ತದೆ, ರಿಲೇ ಟಿಕ್ ಎಂದು ಮುಚ್ಚಿಕೊಂಡು ಇಸಿಎಂಗೂ ಇಂಜೆಕ್ಟರುಗಳಿಗೂ ಪೂರ್ತಿ ಕರೆಂಟ್ ಕೊಡುತ್ತದೆ. ನಾನು ರಿಲೇ ಬುಡದ ನಾಲ್ಕು ಪಿನ್ನುಗಳನ್ನು ಅಳೆದೆ. 30 ಎಂಬ ಸಂಖ್ಯೆಯ ಪಿನ್ನಿನಲ್ಲಿ ಬ್ಯಾಟರಿಯ ಕರೆಂಟ್ ಇತ್ತು, 86ರಲ್ಲೂ ಇತ್ತು. ಇಸಿಎಂ ಅರ್ತ್ ಕೊಡಬೇಕಾದ 85ರಲ್ಲಿ ಕೀಲಿ ಆನ್ ಇದ್ದರೂ ಅರ್ತ್ ಸಿಗಲಿಲ್ಲ. ಒಂದು ತುಂಡು ವೈರಿನಿಂದ ಆ 85ನ್ನು ನಾನೇ ಅರ್ತಿಗೆ ಮುಟ್ಟಿಸಿದೆ. ಟಿಕ್ ಎಂದಿತು ರಿಲೇ. ಹಳದಿ ದೀಪ ಹೊತ್ತಿತು, ಪಂಪ್ ಗುಂಯ್ ಎಂದಿತು. ಸೆಲ್ಫ್ ಹೊಡೆದರೆ ಎಂಜಿನ್ ಒಂದೇ ಏಟಿಗೆ ಹಿಡಿಯಿತು.

ಮಾಸ್ತರರ ಮುಖ ಅರಳಿತು. "ಹಾಗಾದರೆ ಆ ವೈರನ್ನು ಹಾಗೇ ಬಿಟ್ಟುಬಿಡು ತಮ್ಮಾ, ನಾನು ಮನೆಗೆ ಹೋಗುತ್ತೇನೆ" ಎಂದರು.

ಬಿಡಲು ನನಗೆ ಮನಸ್ಸಾಗಲಿಲ್ಲ. ಹಾಗೆ ಬಿಟ್ಟರೆ ಕೀಲಿ ತೆಗೆದ ಮೇಲೂ ರಿಲೇ ಹಿಡಿದುಕೊಂಡೇ ಇರುತ್ತದೆ, ಬ್ಯಾಟರಿ ಇಳಿಯುತ್ತದೆ. ನಡುವೆ ಒಂದು ಸ್ವಿಚ್ ಹಾಕಿ ಕೊಟ್ಟವರನ್ನೂ ನಾನು ಬಲ್ಲೆ. ಆದರೆ ಅರ್ತ್ ಏಕೆ ಬರುತ್ತಿಲ್ಲ ಎಂಬುದು ಅಲ್ಲಿ ಹಾಗೇ ಉಳಿಯುತ್ತದೆ. ಇವತ್ತು ರಿಲೇಯ ಅರ್ತ್ ತಿಂದದ್ದು ನಾಳೆ ಇಂಜೆಕ್ಟರಿನದನ್ನು ತಿನ್ನುತ್ತದೆ, ಅದೂ ಅನಮೋಡ್ ಘಾಟಿನ ತಿರುವಿನಲ್ಲಿ, ಮಳೆಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ. "ಸರ್, ಎರಡು ದಿನ ಕೊಡಿ" ಎಂದೆ. ರಿಲೇಯಿಂದ ಇಸಿಎಂಗೆ ಹೋಗುವ ವೈರ್ ತುಂಡಾಗಿದೆಯೋ, ಇಸಿಎಂ ಒಳಗೇ ಏನಾದರೂ ಆಗಿದೆಯೋ ಎಂಬುದು ಇಸಿಎಂನ ಕಪ್ಲರ್, ಎಂದರೆ ವೈರುಗಳೆಲ್ಲ ಬಂದು ಸೇರುವ ಪ್ಲಗ್, ಕೈಗೆ ಸಿಗದೆ ತಿಳಿಯುವುದಿಲ್ಲ. ಹಾಗಾಗಿ ಪ್ರಶ್ನೆ ಒಂದೇ ಉಳಿಯಿತು: ಇದರ ಇಸಿಎಂ ಎಲ್ಲಿದೆ?

ಹೊಸ ಗಾಡಿಯವರಿಗೆ ಇದು ಪ್ರಶ್ನೆ ಎಂದೇ ಅನಿಸಲಿಕ್ಕಿಲ್ಲ. ಆದರೆ 2000ದಿಂದ 2010ರ ನಡುವಿನ ಗಾಡಿಗಳ ಕಥೆಯೇ ಬೇರೆ. 2000ದ ಏಪ್ರಿಲ್‌ನಲ್ಲಿ ಯೂರೋ 1ಕ್ಕೆ ಸಮನಾದ ಹೊಗೆ ನಿಯಮ ದೇಶವಿಡೀ ಜಾರಿಯಾಯಿತು, 2005ರಲ್ಲಿ ಭಾರತ್ ಸ್ಟೇಜ್ 2 ಎಲ್ಲ ಊರಿಗೂ ಬಂತು. ಕಾರ್ಬ್ಯುರೇಟರ್ ಹಿಂದೆ ಸರಿದು ಇಸಿಎಂ ಗಾಡಿಯೊಳಗೆ ಬಂದು ಕುಳಿತದ್ದು ಆ ದಿನಗಳಲ್ಲಿ. ಗಾಡಿಯೇ ತನ್ನ ದೋಷವನ್ನು ಹೇಳಿಕೊಳ್ಳಬೇಕೆಂಬ ಆನ್‌ಬೋರ್ಡ್ ಡಯಾಗ್ನಾಸ್ಟಿಕ್ಸ್ ಕಡ್ಡಾಯವಾದದ್ದು ಮಾತ್ರ ಭಾರತ್ ಸ್ಟೇಜ್ 4 ಬಂದ ಮೇಲೆ. ಪೆಟ್ಟಿಗೆಯನ್ನು ಎಲ್ಲಿಡಬೇಕೆಂಬುದನ್ನು ಪ್ರತಿ ಕಂಪನಿಯೂ ತನ್ನ ಅನುಕೂಲಕ್ಕೆ ನಿರ್ಧರಿಸಿತು. ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾದಲ್ಲಿ ಅದು ವೈಪರಿನ ಕೆಳಗಿನ ನೀರು ಹರಿಯುವ ತೊಟ್ಟಿಯ ಭಾಗದಲ್ಲಿದೆ. ಬೇರೆಯವುಗಳಲ್ಲಿ ಕಾಲಿಡುವ ಜಾಗದ ಪಕ್ಕದ ಹಲಗೆಯ ಹಿಂದೆ, ಸೀಟಿನ ಕೆಳಗೆ, ಬ್ಯಾಟರಿಯ ಪಕ್ಕ, ನಡುವಿನ ಕನ್ಸೋಲಿನ ಒಳಗೆ, ಎಲ್ಲೆಲ್ಲಿಯೂ ನೋಡಿದ್ದೇನೆ.

ಲಾರಿಗಳಲ್ಲಿ ಇನ್ನೊಂದು ಬಗೆ. ಗೋವಾದಲ್ಲಿ 2012ರಲ್ಲಿ ಅದಿರು ಗಣಿಗಾರಿಕೆ ನಿಂತಾಗ, ಮತ್ತೆ 2018ರಲ್ಲಿ ಗುತ್ತಿಗೆಗಳು ರದ್ದಾದಾಗ, ಸಾಲು ಸಾಲು ಟಿಪ್ಪರುಗಳು ಅಂಗಳದಲ್ಲಿ ನಿಂತೇ ಹೋದವು. ಅಂಥ ಟಿಪ್ಪರನ್ನು ವರ್ಷಗಳ ಮೇಲೆ ಚಾಲೂ ಮಾಡಲು ಕರೆದವರೆಲ್ಲ "ಇದರ ಇಸಿಎಂ ನೋಡು" ಎನ್ನುತ್ತಿದ್ದರು. ಹಳೆಯವುಗಳಲ್ಲಿ ನೋಡಲು ಅದು ಇರಲೇ ಇಲ್ಲ, ಪಂಪ್ ಪೂರ್ತಿ ಯಾಂತ್ರಿಕ. ಇರುವವುಗಳಲ್ಲಿ ಕೆಲವು ಕ್ಯಾಬಿನ್ನಿನೊಳಗೆ ಇರುತ್ತವೆ, ಕಮಿನ್ಸ್‌ನ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಎಂಜಿನ್ನಿನ ಎಡಮೈಗೇ ಬೋಲ್ಟ್ ಮಾಡಿರುತ್ತಾರೆ. ಅದರ ಹಿಂದೆ ಡೀಸೆಲ್ ಹರಿಯುವ ತಟ್ಟೆಯೊಂದನ್ನಿಟ್ಟು ಪೆಟ್ಟಿಗೆಯನ್ನು ತಣ್ಣಗಿಡುವ ಏರ್ಪಾಡೂ ಕೆಲವು ಹಳೆಯ ಮಾದರಿಗಳಲ್ಲಿದೆ. ಮೊದಲ ಸಲ ನೋಡಿದಾಗ ನಾನು ಬೆರಗಾಗಿ ನಿಂತಿದ್ದೆ: ಸುಡುವ ಎಣ್ಣೆಯೇ ತಂಪು ಕೊಡುತ್ತಿದೆ!

ಮಾಸ್ತರರ ಕಾರಿಗೆ ಬರೋಣ. ಹಿಂದಿನ ಗ್ಯಾರೇಜಿನವರು ಅವರಿಗೆ ಮೊಬೈಲಿನಲ್ಲಿ ಒಂದು ಚಿತ್ರ ಕಳಿಸಿದ್ದರು. ಅದರ ಪ್ರಕಾರ ಇಸಿಎಂ ಇರುವುದು ಬಲಗಡೆ, ಪ್ಯಾಸೆಂಜರ್ ಕಾಲಿಡುವ ಜಾಗದ ಪಕ್ಕದ ಹಲಗೆಯ ಹಿಂದೆ. ಚಿತ್ರ ಸುಳ್ಳಲ್ಲ, ಆದರೆ ಅದು ಯೂರೋಪಿನ ಗಾಡಿಯದು. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಪ್ಯಾಸೆಂಜರ್ ಬಲಕ್ಕೆ. ನಮ್ಮಲ್ಲಿ ಬಲಗಡೆ ಕುಳಿತವನು ಡ್ರೈವರ್. ಹಾಗಾದರೆ ನಾವು ಹಿಡಿಯಬೇಕಾದದ್ದು "ಬಲ" ಎಂಬ ಮಾತನ್ನೋ "ಪ್ಯಾಸೆಂಜರ್" ಎಂಬ ಮಾತನ್ನೋ? ಇದಕ್ಕೆ ನಿಯಮವಿಲ್ಲ. ಕೆಲವು ಕಂಪನಿಗಳು ಸ್ಟಿಯರಿಂಗ್ ಬದಿ ಬದಲಿಸಿದಾಗ ಡ್ಯಾಶ್‌ಬೋರ್ಡಿನ ಹಿಂದಿನದ್ದನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತವೆ. ಕೆಲವು ಎಂಜಿನ್ ಕಡೆಯ ಹಾರ್ನೆಸ್ (ವೈರುಗಳ ಕಟ್ಟು) ಬದಲಿಸಲು ಇಷ್ಟಪಡದೆ ಪೆಟ್ಟಿಗೆಯನ್ನು ಇದ್ದಲ್ಲೇ ಬಿಡುತ್ತವೆ. ಇದರ ಮೇಲೆ, ಬಾನೆಟ್ ಎತ್ತಿ ಮುಂದೆ ನಿಂತವನ ಎಡವೇ ಸೀಟಿನಲ್ಲಿ ಕುಳಿತವನ ಬಲ. ಲಾರಿಯವರ ಮಾತು ಈ ವಿಷಯದಲ್ಲಿ ಎಷ್ಟೋ ಮೇಲು. ಡ್ರೈವರ್ ಸೈಡ್, ಕ್ಲೀನರ್ ಸೈಡ್ ಎಂದರೆ ಎಲ್ಲಿ ನಿಂತು ಹೇಳಿದರೂ ಅರ್ಥ ಕೆಡುವುದಿಲ್ಲ.

ಎರಡೂ ಬದಿಯ ಹಲಗೆ ತೆಗೆದೆ. ಡ್ರೈವರ್ ಸೈಡಿನಲ್ಲಿ ಬಾನೆಟ್ ತೆರೆಯುವ ಹಿಡಿಕೆಯ ಕೇಬಲ್, ಹಿಂದಕ್ಕೆ ಹೋಗುವ ವೈರುಗಳ ಕಟ್ಟು, ಅಷ್ಟೇ. ಕ್ಲೀನರ್ ಸೈಡಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಇತ್ತು, ಅಂಗೈಗಿಂತ ಚಿಕ್ಕದು. ರಿಪೇರಿಗೆ ಹೋಗಿಬಂದದ್ದು ಅದೇ ಎಂದು ಅದರ ಮೇಲಿನ ಹೊಸ ಸ್ಟಿಕರ್ ಹೇಳುತ್ತಿತ್ತು. ಅದರಿಂದ ಹೊರಟ ವೈರುಗಳು ಹನ್ನೆರಡಕ್ಕಿಂತ ಹೆಚ್ಚಿರಲಿಲ್ಲ, ಹೆಚ್ಚಿನವು ಬಾಗಿಲುಗಳ ಕಡೆಗೆ ಹೋಗುತ್ತಿದ್ದವು. ಕಪ್ಲರ್ ಕಳಚಿ ಬಾಗಿಲಿನ ಲಾಕ್ ಒತ್ತಿದೆ. ಉಳಿದ ಬಾಗಿಲುಗಳು ಅಲುಗಾಡಲಿಲ್ಲ. ಅದು ಸೆಂಟ್ರಲ್ ಲಾಕಿಂಗಿನ ಪೆಟ್ಟಿಗೆ. ಚಿತ್ರ ತೋರಿಸಿದ ಜಾಗದಲ್ಲಿ ಒಂದು ಪೆಟ್ಟಿಗೆ ಸಿಕ್ಕಿದ್ದರಿಂದ ಅವರು ಅದನ್ನೇ ಇಸಿಎಂ ಎಂದು ನಂಬಿದ್ದರು. ಹಾಗೆ ನಂಬುವುದು ಎಷ್ಟು ಸುಲಭ ಎಂದು ನನಗೂ ಗೊತ್ತು. ಆದರೆ ಆ ನಂಬಿಕೆಯ ಬಿಲ್ಲು ಒಬ್ಬ ನಿವೃತ್ತ ಮಾಸ್ತರರ ಪಿಂಚಣಿಯಿಂದ ಹೋಗಿತ್ತು, ಅದಕ್ಕೇ ನನಗೆ ಬೇಸರ.

ಇಂಥಲ್ಲಿ ನಾನು ನಂಬುವುದು ಇಂಜೆಕ್ಟರನ್ನು. ಪ್ರತಿ ಇಂಜೆಕ್ಟರಿಗೆ ಎರಡು ವೈರ್. ಒಂದು ನಾಲ್ಕಕ್ಕೂ ಸಾಮಾನ್ಯವಾದ ಹನ್ನೆರಡು ವೋಲ್ಟಿನದು. ಇನ್ನೊಂದು ಆಯಾ ಇಂಜೆಕ್ಟರಿನ ಸ್ವಂತದ್ದು, ಇಸಿಎಂ ಅದನ್ನು ಅರ್ತಿಗೆ ಎಳೆದಾಗ ಪೆಟ್ರೋಲ್ ಚಿಮ್ಮುತ್ತದೆ. ಆ ನಾಲ್ಕು ವೈರುಗಳಿಗೆ ಇಡೀ ಗಾಡಿಯಲ್ಲಿ ಹೋಗಲು ಇರುವುದು ಒಂದೇ ಮನೆ. ಬ್ಯಾಟರಿಯ ಮೈನಸ್ ಕಳಚಿ, ಇಂಜೆಕ್ಟರುಗಳ ಮೇಲಿನ ಹಾರ್ನೆಸ್ಸನ್ನು ಬೆರಳಿನಲ್ಲಿ ಹಿಡಿದು ಹೊರಟೆ. ಅದು ಎಂಜಿನ್ನಿನ ಹಿಂಬದಿಗೆ ಇಳಿದು, ಕ್ಲೀನರ್ ಸೈಡಿಗೆ ತಿರುಗಿ, ಎಂಜಿನ್ನಿಗೂ ಒಳಗಿನ ಸೀಟಿನ ಭಾಗಕ್ಕೂ ನಡುವಿನ ತಗಡಿನ ಗೋಡೆಯಲ್ಲಿ ಒಂದು ದಪ್ಪ ರಬ್ಬರ್ ಬುಷ್ ಮೂಲಕ ಒಳಗೆ ಹೋಯಿತು. ನಾನೂ ಒಳಗೆ ಹೋಗಿ, ಕ್ಲೀನರ್ ಸೀಟಿನ ಮುಂದೆ ಅಂಗಾತ ಮಲಗಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನೋಡಿದೆ. ಕಟ್ಟು ಕೆಳಗೆ ಬರಲೇ ಇಲ್ಲ. ಬುಷ್ ದಾಟಿದ್ದೇ ತಡ, ನೇರ ಮೇಲಕ್ಕೆ ಹೋಗಿತ್ತು.

ನನ್ನ ಬೆನ್ನು ಒದ್ದೆಯಾದದ್ದು ಆಗ. ಮ್ಯಾಟ್ ಮೇಲಿಂದ ಒಣಗಿತ್ತು, ಅದರ ಕೆಳಗಿನ ದಪ್ಪ ಕಾರ್ಪೆಟ್ ಮಾತ್ರ ಒತ್ತಿದರೆ ನೀರು ಬಿಡುತ್ತಿತ್ತು. ಮಾಸ್ತರರ ಮನೆಗೆ ಫೋನ್ ಮಾಡಿ ಕೇಳಿದೆ. ಅವರ ಮನೆಯವರೇ ಎತ್ತಿಕೊಂಡರು. "ಮೂರು ಮಳೆಗಾಲದಿಂದ ಹೇಳುತ್ತಿದ್ದೇನಪ್ಪಾ, ಕಾಲ ಬುಡದಲ್ಲಿ ನೀರು ಎಂದು. ಎಸಿಯ ನೀರು ಇರಬೇಕು, ಸುಮ್ಮನಿರು ಎಂದರು. ಗ್ಯಾರೇಜಿನವರು ಯಾರೂ ನನ್ನನ್ನು ಕೇಳಲಿಲ್ಲ" ಎಂದರು. ನಾನೂ ಕೇಳಿರಲಿಲ್ಲ. ಗಾಡಿ ಓಡಿಸುವವರನ್ನು ಮಾತ್ರ ಕೇಳುವುದು ನಮ್ಮ ಕಸುಬಿನಲ್ಲಿ ರೂಢಿಯಾಗಿಬಿಟ್ಟಿದೆ. ಪಕ್ಕದ ಸೀಟಿನಲ್ಲಿ ಕುಳಿತವರಿಗೆ ಗೊತ್ತಿರುವುದು ಡ್ರೈವರಿಗೆ ಗೊತ್ತಿರುವುದಿಲ್ಲ.

ಮತ್ತೆ ಕೇಳಿದೆ, "ಅಮ್ಮಾ, ಮೂರು ವರ್ಷದ ಹಿಂದೆ ಈ ಕಡೆ ಏನಾದರೂ ಬಿಚ್ಚಿಸಿದ್ದಿರಾ?" ಹೌದಂತೆ. ಎಸಿಯ ಗಾಳಿ ಬರುತ್ತಿರಲಿಲ್ಲ, ಬ್ಲೋವರ್ ಮೋಟಾರು ಹಾಕಿಸಿದ್ದರಂತೆ.

ಗ್ಲೋವ್ ಬಾಕ್ಸ್ ಕಳಚಿದೆ. ಬ್ಲೋವರಿನ ಕಪ್ಪು ಡಬ್ಬಿ ಕಂಡಿತು. ಅದರ ಮೇಲೆ, ವೈಪರಿನ ಕೆಳಗಿನ ಜಾಲಿಯಿಂದ ಒಂದು ಗೇಣು ಕೆಳಗೆ, ಪುಸ್ತಕದಷ್ಟು ಅಗಲದ ಅಲ್ಯೂಮಿನಿಯಂ ಪೆಟ್ಟಿಗೆ ಇತ್ತು. ಒಂದೇ ದೊಡ್ಡ ಕಪ್ಲರ್, ಅದಕ್ಕೊಂದು ಲಿವರ್, ಪಾರ್ಟ್ ನಂಬರಿನ ಹಳೆಯ ಬಿಳಿ ಲೇಬಲ್. ಇಂಜೆಕ್ಟರಿನ ತುದಿಯಲ್ಲಿ ಮಲ್ಟಿಮೀಟರಿನ ಒಂದು ಕಡ್ಡಿ, ಇಲ್ಲಿ ಇನ್ನೊಂದು ಕಡ್ಡಿ ಇಟ್ಟಾಗ ಬೀಪ್ ಎಂದಿತು, ಎಂದರೆ ಎರಡೂ ಒಂದೇ ವೈರಿನ ತುದಿಗಳು. ನಾಲ್ಕಕ್ಕೂ ಬೀಪ್ ಎಂದಿತು. ಇದೇ ಇಸಿಎಂ, ಇನ್ನು ಅನುಮಾನವಿಲ್ಲ.

ಆದರೆ ಅದು ಕುಳಿತ ಭಂಗಿ ಸರಿಯಿರಲಿಲ್ಲ. ಅದರ ಬ್ರ್ಯಾಕೆಟಿನಲ್ಲಿ ಎರಡು ಬೋಲ್ಟಿನ ತೂತುಗಳಿದ್ದವು, ಬೋಲ್ಟ್ ಒಂದೇ ಇತ್ತು, ಇನ್ನೊಂದರ ಜಾಗದಲ್ಲಿ ಪ್ಲಾಸ್ಟಿಕ್ ಟೈ. ಬ್ಲೋವರ್ ಹಾಕುವಾಗ ಇಸಿಎಂ ಬಿಚ್ಚಿ, ಮರಳಿ ಕೂರಿಸುವಾಗ ತಲೆಕೆಳಗು ಮಾಡಿದ್ದರು. ಕೆಳಮುಖವಾಗಿ ಇರಬೇಕಾದ ಕಪ್ಲರ್ ಆಕಾಶ ನೋಡುತ್ತಿತ್ತು. ವೈರುಗಳ ಕಟ್ಟು ಮೇಲಿನಿಂದ ಇಳಿದು ಅದರೊಳಗೆ ಹೊಕ್ಕಿತ್ತು, ಬಿದ್ದ ಪ್ರತಿ ಹನಿಗೂ ದಾರಿ ತೋರಿಸುವಂತೆ.

ಲಿವರ್ ಎತ್ತಿ ಕಪ್ಲರ್ ಬಿಡಿಸಿದಾಗ ಮೂಲೆಯ ಮೂರು ಪಿನ್ನುಗಳು ಕಾಣಲೇ ಇಲ್ಲ, ಅಲ್ಲಿ ಹಸಿರು ಕಿಲುಬಿನ ಪುಡಿ ತುಂಬಿತ್ತು. ಬೇಸಿಗೆಯಲ್ಲಿ ಮನೆಯ ತಾಮ್ರದ ಹಂಡೆಯನ್ನು ತೊಳೆಯದೆ ಬಿಟ್ಟರೆ ಅಂಚಿನಲ್ಲಿ ಕೂರುವ ಅದೇ ಹಸಿರು. ಊದಿದರೆ ಹಾರಿತು. ಅದರ ಕೆಳಗೆ ಒಂದು ಪಿನ್ನು ಅರ್ಧಕ್ಕರ್ಧ ಸವೆದಿತ್ತು. ರಿಲೇಯ 85ರಿಂದ ಬರುವ ವೈರ್ ಕಪ್ಲರಿನಲ್ಲಿ ಕೊನೆಯಾಗುವುದು ಆ ಪಿನ್ನಿಗೆ ಸಿಕ್ಕುವ ಜಾಗದಲ್ಲೇ. ವೈರ್ ಅಳೆದೆ, ಒಂದು ಓಮಿಗಿಂತ ಕಡಿಮೆ ಬಂತು. ವೈರ್ ಗಟ್ಟಿಯಿದೆ, ತೊಂದರೆ ಪೆಟ್ಟಿಗೆಯದೇ.

ನಡುವೆ ಒಂದು ಸಂಶಯ ನನ್ನನ್ನು ಅರ್ಧ ದಿನ ದಾರಿ ತಪ್ಪಿಸಿತ್ತು, ಅದನ್ನೂ ಹೇಳಬೇಕು. ಇಲ್ಲಿನ ಸಮುದ್ರದ ಗಾಳಿಗೆ ಗಾಡಿಯ ತಳ ತುಕ್ಕು ಹಿಡಿಯುತ್ತದೆ, ಈ ಕಾರಿಗೂ ಬೇಸಿಗೆಯಲ್ಲಿ ತಳದ ವೆಲ್ಡಿಂಗ್ ಆಗಿತ್ತು. ಬ್ಯಾಟರಿಯನ್ನೂ ಇಸಿಎಂ ಕಪ್ಲರನ್ನೂ ಕಳಚದೆ ಆರ್ಕ್ ವೆಲ್ಡಿಂಗ್ ಮಾಡಿದರೆ ಇಸಿಎಂ ಸುಡುವ ಅಪಾಯ ನಿಜವಾಗಿಯೂ ಇದೆ. ಆದರೆ ತೊಂದರೆ ಶುರುವಾದದ್ದು ಅದಕ್ಕಿಂತ ಎರಡು ವರ್ಷ ಮೊದಲು, ಅದೂ ಪ್ರತಿ ಸಲ ಮಳೆಯಲ್ಲಿ. ದಿನಗಳನ್ನು ಬರೆದುಕೊಂಡ ಮೇಲೆ ಆ ಸಂಶಯವನ್ನು ಬಿಟ್ಟೆ.

ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಕಣ್ಣಾರೆ ನೋಡದೆ ಪೆಟ್ಟಿಗೆ ರಿಪೇರಿ ಮಾಡಿ ಫಲವಿಲ್ಲ. ಇಸಿಎಂ ಹೊರಗೆ ತೆಗೆದಿಟ್ಟು, ನಮ್ಮ ಹುಡುಗನನ್ನು ಟಾರ್ಚ್ ಕೊಟ್ಟು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿಸಿದೆ. ನಾನು ಮುಂದಿನ ಗಾಜಿನ ಮೇಲೆ ಪೈಪಿನಿಂದ ಮಳೆಯಷ್ಟೇ ನೀರು ಬಿಟ್ಟೆ. ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ನಾಲ್ಕು ನಿಮಿಷವಾಗಿರಬೇಕು. "ಅಣ್ಣಾ, ಬಂತು!" ಎಂದು ಕೂಗಿದ. ಮೊದಲ ಹನಿ ಬಿದ್ದದ್ದು ಅವನ ಹಣೆಯ ಮೇಲೆ, ಇಸಿಎಂ ಕುಳಿತಿದ್ದ ಜಾಗದ ನೇರ ಕೆಳಗೆ.

ವೈಪರಿನ ಕೆಳಗಿನ ಜಾಲಿ ಬಿಚ್ಚಿದೆ. ಮಾಸ್ತರರು ಕಾರು ನಿಲ್ಲಿಸುವುದು ಗುಲ್‌ಮೊಹರ್ ಮರದ ಕೆಳಗೆ. ಆ ಮರದ ಕಿರು ಎಲೆಗಳು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು, ಜಾಲಿಯ ಕಣ್ಣಿನಿಂದ ಸಲೀಸಾಗಿ ಇಳಿಯುತ್ತವೆ. ಒಳಗೆ ಕೊಳೆತು ಗೊಬ್ಬರದ ಗಾರೆಯಾಗಿ, ನೀರು ಚಕ್ರದ ಕಡೆಗೆ ಇಳಿಯಬೇಕಾದ ಎರಡೂ ತೂತುಗಳನ್ನು ಮುಚ್ಚಿತ್ತು. ಎರಡು ಬೊಗಸೆ ತೆಗೆದೆ. ತೊಟ್ಟಿ ತುಂಬುವ ತನಕ ನಾಲ್ಕು ನಿಮಿಷ, ಆಮೇಲೆ ಬ್ಲೋವರ್ ಗಾಳಿ ಎಳೆಯುವ ಬಾಯಿಯ ಅಂಚು ದಾಟಿ ಒಳಗೆ. ತುಂತುರು ಮಳೆಗೆ ಏನೂ ಆಗದೆ ಜಡಿಮಳೆಗೆ ಮಾತ್ರ ಕಾರು ಏಕೆ ಕೆಡುತ್ತಿತ್ತು ಎಂಬುದಕ್ಕೆ ಇದೇ ಲೆಕ್ಕ.

ಇನ್ನು ಪೆಟ್ಟಿಗೆ. ಮುಂಬೈಯ ಕುರ್ಲಾದ ಹಳೆಯ ಸ್ಪೇರ್ ಬಜಾರಿನಿಂದ ಇದೇ ನಂಬರಿನ ಇನ್ನೊಂದನ್ನು ತರಿಸಬಹುದಿತ್ತು. ಆದರೆ ಈ ಕಾರಿನ ಕೀಲಿಯ ತಲೆಯಲ್ಲಿ ಇಮ್ಮೊಬಿಲೈಸರ್ ಚಿಪ್ ಇದೆ. ಬೇರೆ ಗಾಡಿಯ ಇಸಿಎಂ ಈ ಕೀಲಿಯ ಗುರುತು ಹಿಡಿಯುವುದಿಲ್ಲ, ಗುರುತಿನ ಮಾಹಿತಿಯನ್ನು ಹಳೆಯದರಿಂದ ಹೊಸದಕ್ಕೆ ದಾಟಿಸಬೇಕು. ಇದ್ದದ್ದನ್ನೇ ಉಳಿಸಲು ನೋಡೋಣ ಎಂದುಕೊಂಡೆ. ಮುಚ್ಚಳದ ಅಂಟನ್ನು ಬ್ಲೇಡಿನಿಂದ ಬಿಡಿಸಿ ತೆಗೆದಾಗ ಒಳಗಿನ ಸರ್ಕ್ಯೂಟ್ ಹಲಗೆಯ ಒಂದು ಮೂಲೆಯಲ್ಲಿ ಮಾತ್ರ ನೀರಿನ ಬಿಳಿ ಗೆರೆ ಇತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಅದ್ದಿ ತೊಳೆದೆ. ಆಗ ಕಂಡಿತು, ಸವೆದ ಪಿನ್ನಿನ ಬುಡದಿಂದ ಹೊರಟ ತಾಮ್ರದ ಗೆರೆ ಅಕ್ಕಿಕಾಳಿನುದ್ದ ಮಾಯವಾಗಿತ್ತು. ಕೂದಲೆಳೆಯಂಥ ವೈರನ್ನು ಎರಡು ತುದಿಗೂ ಬೆಸೆದೆ, ಪಿನ್ನಿಗೆ ತವರ ತುಂಬಿದೆ, ಒಂದು ರಾತ್ರಿ ಬಲ್ಬಿನ ಬಿಸಿಗಿಟ್ಟು ಒಣಗಿಸಿ, ಮೇಲೆ ವಾರ್ನಿಶ್ ಹಚ್ಚಿ ಮುಚ್ಚಿದೆ. ಕಪ್ಲರಿನ ಕಡೆಯ ಮೂರು ಟರ್ಮಿನಲ್ಲುಗಳನ್ನು ಹೊಸದಾಗಿ ಹಾಕಿದೆ.

ಕೂರಿಸುವಾಗ ಕಪ್ಲರ್ ಕೆಳಮುಖ, ಎರಡೂ ಬೋಲ್ಟು. ವೈರುಗಳ ಕಟ್ಟನ್ನು ಕಪ್ಲರಿಗಿಂತ ಕೆಳಗೆ ಒಂದು ಬಳುಕು ಕೊಟ್ಟು ಮೇಲಕ್ಕೆ ತಂದೆ, ಹನಿ ಬಿದ್ದರೂ ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. ಪೈಪ್ ನೀರನ್ನು ಮತ್ತೆ ಬಿಟ್ಟೆವು, ಈ ಸಲ ಇಪ್ಪತ್ತು ನಿಮಿಷ. ಹುಡುಗ ಕೆಳಗೆ ಮಲಗಿ ಮಲಗಿ ನಿದ್ದೆ ಹೋದ, ಹನಿ ಬೀಳಲಿಲ್ಲ. ಕೀಲಿ ತಿರುಗಿಸಿದಾಗ ಹಳದಿ ದೀಪ, ಪಂಪಿನ ಗುಂಯ್, ಸ್ಕ್ಯಾನರಿನಲ್ಲಿ ಎಂಜಿನ್ನಿನ ಉತ್ತರ. ನನ್ನ ತುಂಡು ವೈರ್ ಈಗ ಟೂಲ್ ಬಾಕ್ಸಿನಲ್ಲಿತ್ತು.

ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಹೀಗೆ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕುವವರಿಗೆ ಒಂದು ಮಾತು. ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಟೆಸ್ಟ್ ಲ್ಯಾಂಪ್ ಮುಟ್ಟಿಸಬೇಡಿ, ಬೀಪ್ ಹೊಡೆಯಬೇಡಿ. ಅದರ ಪೆಟ್ಟಿಗೆ ಸಾಮಾನ್ಯವಾಗಿ ಎರಡು ಸೀಟುಗಳ ನಡುವಿನ ಉಬ್ಬಿನ ಮೇಲೆ ಇರುತ್ತದೆ. ಅದನ್ನು ಇಸಿಎಂ ಎಂದು ಬಿಚ್ಚಲು ಹೋದವರನ್ನೂ ನೋಡಿದ್ದೇನೆ.

ಚೌತಿಗೆ ಮಾಸ್ತರರು ಅದೇ ಕಾರಿನಲ್ಲಿ ಧಾರವಾಡಕ್ಕೆ ಹೋದರು. ಅನಮೋಡಿನಲ್ಲಿ ಮಂಜು, ಮಳೆ ಎರಡೂ ಇತ್ತಂತೆ. ಮರಳಿ ಬರುವಾಗ ಪೇಢೆಯ ಪೊಟ್ಟಣ ಹಿಡಿದು ಗ್ಯಾರೇಜಿಗೇ ಬಂದರು. ಅಮ್ಮನವರು ಎಡಗಡೆ ಬಾಗಿಲು ತೆರೆದು, ಮ್ಯಾಟ್ ಎತ್ತಿ, ಕಾರ್ಪೆಟ್ಟಿಗೆ ನನ್ನ ಕೈಯಿಂದಲೇ ಒತ್ತಿಸಿದರು. ಒಣಗಿತ್ತು. ಗ್ಲೋವ್ ಬಾಕ್ಸ್ ತೆರೆದು ಒಳಗೆ ನಾನು ಅಂಟಿಸಿದ್ದ ಬಿಳಿ ಟೇಪನ್ನು ಗಟ್ಟಿಯಾಗಿ ಓದಿದರು: "ಇಸಿಎಂ ಇದರ ಹಿಂದೆ, ಬ್ಲೋವರಿನ ಮೇಲೆ, ಕ್ಲೀನರ್ ಸೈಡ್. ಕಪ್ಲರ್ ಕೆಳಮುಖ ಇರಲಿ. ಜಾಲಿಯ ಎಲೆ ಮಳೆಗಾಲಕ್ಕೆ ಮೊದಲು ತೆಗೆಯಿರಿ."